ಅತ್ತೆ ಚಹಾ ಬಿಟ್ಟ ಚಾತುರ್ಮಾಸ

ಪುಸ್ತಕದಲ್ಲಿ ಆ ಬಾಗಿಲಿನ ಅಗಳಿ ಒಳಗಡೆ ಇದೆ. ಟೀವಿಯಲ್ಲಿ ಅದನ್ನು ಹೊರಗಡೆ ಹಾಕಿದ್ದರು.

ನಾನು "ಛೇ" ಎಂದೆ. ಅದನ್ನು ಗಟ್ಟಿಯಾಗಿಯೇ ಅಂದಿದ್ದೇನೆ ಎಂದು ಗೊತ್ತಾದದ್ದು, ಪಕ್ಕದಲ್ಲಿ ಹೆಸರುಕಾಳು ಹಸನು ಮಾಡುತ್ತ ಕುಳಿತಿದ್ದ ಅತ್ತೆ ಕೈ ನಿಲ್ಲಿಸಿ ನನ್ನತ್ತ ತಿರುಗಿದಾಗ.

"ಏನಾತು?"

"ಏನಿಲ್ರಿ ಅತ್ತಿ. ಬಾಗಲಾ ತಪ್ಪ ಮಾಡ್ಯಾರ."

ಅತ್ತೆ ಕನ್ನಡಕ ಸರಿ ಮಾಡಿಕೊಂಡು ಪರದೆ ನೋಡಿದರು. "ಬಾಗಲಾ ಚಲೋನ ಐತೆಲ್ಲ. ಸಾಗವಾನಿ ಕಾಣತೈತಿ."

ಅತ್ತೆ ನನ್ನ ಅಪ್ಪನ ಅಕ್ಕ. ನಾನು ಗಡಹಿಂಗ್ಲಜದ ಒಂದು ಕಾಲೇಜಿನಲ್ಲಿ ತಾಸಿನ ಲೆಕ್ಕದಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ನಮ್ಮ ಮನೆ ಇರುವುದು ಇಚಲಕರಂಜಿಯಲ್ಲಿ. ದಿನಾ ಓಡಾಡುವುದು ಆಗದ ಮಾತು, ಹಾಗಾಗಿ ಕಾಲೇಜು ಇರುವ ದಿನಗಳಲ್ಲಿ ಅತ್ತೆಯ ಮನೆಯಲ್ಲಿರುತ್ತಿದ್ದೆ. ಕೆಳಗೆ ಅತ್ತೆಯ ಗಂಡ ಮಾಮಾ ಅವರ ಬೆಲ್ಲದ ಅಂಗಡಿ, ಮೇಲೆ ಮನೆ. ಮಳೆಗಾಲದಲ್ಲಿ ಮನೆಯ ಹಾಸಿಗೆ, ಟವೆಲ್ಲು, ನನ್ನ ಪುಸ್ತಕಗಳು ಎಲ್ಲವೂ ಬೆಲ್ಲದ ವಾಸನೆ ಹೊಡೆಯುತ್ತಿದ್ದವು.

ಆ ಬಾಗಿಲಿನ ಕಥೆಯ ಪುಸ್ತಕಗಳನ್ನು ನಾನು ಕೊಲ್ಹಾಪುರದಲ್ಲಿ ಎಂ.ಎ. ಓದುತ್ತಿದ್ದಾಗ ಹಳೇ ಪುಸ್ತಕ ಮಾರುವವನ ಹತ್ತಿರ ಕೊಂಡಿದ್ದೆ. ಮೂರು ದಪ್ಪ ಸಂಪುಟಗಳು, ಕಥೆ ಇನ್ನೂ ಮುಗಿದಿಲ್ಲ, ಲೇಖಕ ಇನ್ನೂ ಬರೆಯುತ್ತಲೇ ಇದ್ದಾನೆ. ಅದೊಂದು ದೇಶ, ಅಲ್ಲಿ ವರ್ಷವರ್ಷಕ್ಕೆ ರಾತ್ರಿ ಉದ್ದವಾಗುತ್ತಿದೆ. ಕತ್ತಲಾದ ಮೇಲೆ ಜನರ ನೆರಳುಗಳು ಮೈಯಿಂದ ಬಿಡಿಸಿಕೊಂಡು ಬೇಟೆಗೆ ಹೋಗುತ್ತವೆ. ರಾಜ ಆ ನೆರಳುಗಳನ್ನು ಕತ್ತರಿಸಿ ಕೂಡಿಡುತ್ತಾನೆ. ನೆರಳು ಯಾರ ಕೈಯಲ್ಲಿದೆಯೋ ಆ ಮನುಷ್ಯ ಅವರ ಆಳು. ಒಬ್ಬ ಹುಡುಗಿಗೆ ಮಾತ್ರ ಹುಟ್ಟಿನಿಂದಲೇ ನೆರಳಿಲ್ಲ. ಅವಳಿಂದ ಕತ್ತರಿಸಿಕೊಳ್ಳುವುದಕ್ಕೆ ಏನೂ ಇಲ್ಲದ್ದರಿಂದ ರಾಜನಿಗೆ ಅವಳ ಹೆದರಿಕೆ. ಪುಸ್ತಕದಲ್ಲಿ ಅವಳು ತಾನಾಗಿಯೇ ಕೋಟೆಯ ಕೆಳಗಿನ ನೆಲಮಾಳಿಗೆಗೆ ಇಳಿದು ಒಳಗಿನಿಂದ ಅಗಳಿ ಹಾಕಿಕೊಳ್ಳುತ್ತಾಳೆ. ಟೀವಿಯಲ್ಲಿ ರಾಜ ಅವಳನ್ನು ಒಳಗೆ ನೂಕಿ ಹೊರಗಿನಿಂದ ಹಾಕಿಸಿದ. ಒಂದು ಹಟ, ಇನ್ನೊಂದು ಜೈಲು. ನನಗೆ ಸಿಟ್ಟು ಬಂದದ್ದು ಅದಕ್ಕೆ.

ಕಾದಂಬರಿ ತೆರೆಗೆ ಬರುವಾಗ ಏನಾಗುತ್ತದೆ ಎಂಬುದರ ಮೇಲೆ ನಾನು ಎಂ.ಎ.ಗೆ ಒಂದು ಪ್ರಬಂಧವನ್ನೇ ಬರೆದಿದ್ದೇನೆ. ತೆರೆ ಪುಸ್ತಕದ ದಾಸನಲ್ಲ, ಅದಕ್ಕೆ ತನ್ನದೇ ನ್ಯಾಯವಿದೆ ಎಂದು ಬಹಳ ಧೈರ್ಯವಾಗಿ ವಾದಿಸಿದ್ದೆ. ಆ ಮಾತನ್ನು ನಾನು ನಿಜವಾಗಿ ನಂಬುತ್ತಿದ್ದದ್ದು ನನಗೆ ಇಷ್ಟವಿಲ್ಲದ ಪುಸ್ತಕಗಳ ಮಟ್ಟಿಗೆ ಮಾತ್ರ.

ಆ ಕಾದಂಬರಿ ಧಾರಾವಾಹಿಯಾಗಿ ಬಂದಾಗ ಮೊದಲ ಕಂತನ್ನು ನಾನು ನನ್ನ ಪಾಡಿಗೆ ಫೋನಿನಲ್ಲಿ, ಕಿವಿಗೆ ಇಯರ್‌ಫೋನ್ ಹಾಕಿಕೊಂಡು ನೋಡುತ್ತಿದ್ದೆ. ಅತ್ತೆ ಬಂದು ಒಂದು ಕಿವಿಯದನ್ನು ಕಿತ್ತುಕೊಂಡು, "ಒಬ್ಬಾಕೀನ ಏನ ನಗಾಕತ್ತಿ? ನಮಗೂ ತೋರಸು" ಎಂದರು. ಹಿಂದಿ ಡಬ್ಬಿಂಗ್ ಇತ್ತು. ದೊಡ್ಡ ಟೀವಿಗೆ ಹಾಕಿದೆ. ಮಾಮಾ ಕೂಡ ಅಂಗಡಿ ಮುಚ್ಚಿ ಮೇಲೆ ಬಂದರು. ಮೊದಲ ಕಂತಿನಲ್ಲೇ ಅರಮನೆಯ ದೊಡ್ಡ ಔತಣ. ಉದ್ದ ಮೇಜು, ನೂರಾರು ದೀಪ, ಹೊರಗೆ ಗವ್ವೆನ್ನುವ ಕತ್ತಲೆ. ನಾವು ಜೈನರು, ನಮ್ಮ ಮನೆಯಲ್ಲಿ ಸೂರ್ಯ ಮುಳುಗಿದ ಮೇಲೆ ಬಾಯಿಗೆ ಏನೂ ಹಾಕುವುದಿಲ್ಲ. ಅತ್ತೆ ಆ ಔತಣ ನೋಡಿ ದಂಗಾದರು.

"ಹೊತ್ತ ಮುಳಿಗಿದ ಮ್ಯಾಲ ಉಣ್ಣಾಕ ಕುಂತಾರಲ್ಲ! ಇವರಿಗೆ ಒಳ್ಳೇದ ಹ್ಯಾಂಗ ಆಗತೈತಿ?"

"ಏ, ಪಾಪ, ಅವರ ದೇಶದಾಗ ಹಗಲನ ನಾಕ ತಾಸು ಐತಿ. ಏನ ಮಾಡ್ಯಾರು?" ಎಂದರು ಮಾಮಾ.

"ನಾಕ ತಾಸಿನ್ಯಾಗ ಉಣ್ಣಾಕಾಗೂದಿಲ್ಲೇನು? ನಿಮಗ ನಾಕ ಮಿನಿಟ ಸಾಕಾಗತೈತಿ."

ಔತಣದ ಕೊನೆಯಲ್ಲಿ ನೆರಳುಗಳು ನುಗ್ಗಿ ಅರ್ಧ ಜನ ಸತ್ತರು. ಅತ್ತೆ ನಮ್ಮಿಬ್ಬರನ್ನೂ ನೋಡಿ ತಲೆಯಾಡಿಸಿದರು. ಅವರ ಪ್ರಕಾರ ಇಡೀ ಕಥೆಯ ನೀತಿ ಅಲ್ಲಿಗೇ ತೀರ್ಮಾನವಾಗಿತ್ತು.

ಅಲ್ಲಿಂದ ವಾರಕ್ಕೊಂದು ಕಂತು. ಬೇಗ ಊಟ ಮುಗಿಸಿ ಮೂವರೂ ಕೂರುವುದು ರೂಢಿಯಾಯಿತು. ಆ ಬಾಗಿಲು ಮುಚ್ಚಿದ ಸಂಜೆ ಅತ್ತೆ ಸಾಗವಾನಿ ಹೊಗಳಿ ಮುಗಿಸಿದ್ದರಷ್ಟೆ, ಒಳಗಿನಿಂದ ಹುಡುಗಿ ಬಾಗಿಲು ಬಡಿಯುವ ಸದ್ದು ಕೇಳಿಸಿತು. ಅತ್ತೆ ಎದ್ದು ನಿಂತರು. ಕೈ ಜೋಡಿಸಿದರು.

"ಆ ಹುಡಗಿ ಹೊರಗ ಬರೂತನಕಾ ನನಗ ಚಹಾ ತ್ಯಾಗ."

ಟೀವಿಯಲ್ಲಿ ಹುಡುಗಿ ಬಡಿಯುತ್ತಲೇ ಇದ್ದಳು.

ಇದು ಎಷ್ಟು ದೊಡ್ಡ ಮಾತು ಎನ್ನುವುದನ್ನು ಹೇಳಬೇಕು. ಚಾತುರ್ಮಾಸ ಶುರುವಾದಾಗ ನಮ್ಮ ಹೆಂಗಸರು ಬಸದಿಗೆ ಹೋಗಿ ಏನಾದರೊಂದನ್ನು ಬಿಡುವ ನೇಮ ತೆಗೆದುಕೊಳ್ಳುತ್ತಾರೆ. ಒಬ್ಬರು ತುಪ್ಪ, ಒಬ್ಬರು ಸಕ್ಕರೆ, ಒಬ್ಬರು ಹಸಿರು ಪಲ್ಯ. ಆ ವರ್ಷ ಅತ್ತೆ ಇನ್ನೂ ಏನನ್ನೂ ಬಿಟ್ಟಿರಲಿಲ್ಲ, ಏಕೆಂದರೆ ಬಿಡಬಹುದಾದದ್ದನ್ನೆಲ್ಲ ಹಿಂದಿನ ವರ್ಷಗಳಲ್ಲಿ ಸರದಿಯಂತೆ ಬಿಟ್ಟಾಗಿತ್ತು. ಉಳಿದಿದ್ದದ್ದು ಚಹಾ. ಬೆಳಿಗ್ಗೆ ಹೊತ್ತೇರಿದ ಕೂಡಲೇ ಶುರುವಾಗಿ ಸಂಜೆ ಹೊತ್ತು ಮುಳುಗುವವರೆಗೆ ಅವರ ಒಲೆಯ ಮೇಲೆ ಚಹಾದ ಪಾತ್ರೆ ಇರದ ಗಳಿಗೆ ನನಗೆ ನೆನಪಿಲ್ಲ.

"ನಾಟಕದಾಗಿನ ಹುಡಗೀ ಸಲವಾಗಿ ನೇಮಾನ?" ಎಂದರು ಮಾಮಾ ಕೊನೆಗೆ.

"ನೇಮಾ ಅಂದ್ರ ನೇಮಾ. ಬಾಯಿಂದ ಬಂತು, ಮುಗೀತು."

ಮುಂದಿನದನ್ನು ಬಾಯಿಬಿಡುವವಳಲ್ಲ ನಾನು. ಯಾರ ಕಥೆಯನ್ನೂ ಮೊದಲೇ ಹೇಳಿ ಕೆಡಿಸಿದವಳಲ್ಲ. ಆದರೆ ಒಳಗೊಳಗೇ ಲೆಕ್ಕ ಹಾಕುತ್ತಿದ್ದೆ. ನನ್ನ ನೆನಪಿನ ಪ್ರಕಾರ ಹುಡುಗಿ ಹೊರಬರುವುದು ಮೂರನೆಯ ಸಂಪುಟದಲ್ಲಿ. ಇಂಥ ಧಾರಾವಾಹಿಗಳು ಒಂದು ಸೀಜನ್ನಿಗೆ ಒಂದು ಸಂಪುಟ ಮುಗಿಸುತ್ತವೆ, ಎರಡು ಸೀಜನ್ನುಗಳ ನಡುವೆ ವರ್ಷಗಟ್ಟಲೆ ಮಾಯವಾಗುತ್ತವೆ. ನನಗೆ ನಗು ಬಂತು. ತಡೆಯಲಾಗದೆ ಅಡುಗೆಮನೆಗೆ ಓಡಿ ನೀರಿನ ಹಂಡೆಯ ಪಕ್ಕ ನಿಂತು ಬಾಯಿಗೆ ಸೆರಗಿನಂತೆ ಓಢಣಿ ಒತ್ತಿಕೊಂಡೆ.

ಮರುವಾರಕ್ಕೆ ನಗು ಕಡಿಮೆಯಾಯಿತು. ಅತ್ತೆಗೆ ಹಣೆಯ ಎರಡೂ ಬದಿ ಸಿಡಿತ. ಹಾಲಿನವನ ಮೇಲೆ ಕೂಗಾಡಿದರು, ಮಿಕ್ಸರಿನ ಮೇಲೆ ಕೂಗಾಡಿದರು, ಮಳೆಯ ಮೇಲೂ ಕೂಗಾಡಿದರು. ಮಾಮಾ ಅವರಿಗೆ ಅತ್ತೆಯ ಎದುರು ಚಹಾ ಕುಡಿಯುವ ಧೈರ್ಯವಿಲ್ಲ. ಎದುರು ಓಣಿಯ ಹೋಟೆಲಿನಲ್ಲಿ ಕುಡಿದು, ಏಲಕ್ಕಿ ಅಗಿಯುತ್ತ ಮೇಲೆ ಬರುತ್ತಿದ್ದರು.

"ಇಲ್ಲಿ ಬರ್‍ರಿ," ಎನ್ನುತ್ತಿದ್ದರು ಅತ್ತೆ. "ಬಾಯಿ ತಗೀರಿ."

"ಏನ ಡಾಕ್ಟರೇನ ನೀ?"

"ಎರಡ ಕಪ್ಪ. ಒಂದಲ್ಲ."

ಒಂದು ಮಧ್ಯಾಹ್ನ ಮಾಮಾ ನನ್ನನ್ನು ಅಂಗಡಿಯ ಹಿಂದೆ, ಬೆಲ್ಲದ ಪೆಂಟೆಗಳ ನಡುವೆ ಕರೆದರು. "ಬಾಳಾ, ನೀ ಪುಸ್ತಕಾ ಓದಿ. ಖರೇ ಹೇಳು. ಹೊರಗ ಬರತಾಳೇನು?"

"ಬರತಾಳ್ರಿ ಮಾಮಾ."

"ಯಾವಾಗ?"

"ಮೂರನೇದ್ರಾಗ."

"ಮೂರನೇ ವಾರಾ? ನಡೀತೈತಿ ತಗೋ."

"ವಾರಾ ಅಲ್ರಿ. ಮೂರನೇ ಪುಸ್ತಕಾ." ಲೆಕ್ಕವನ್ನೂ ಹೇಳಿದೆ.

ಮಾಮಾ ನಿಧಾನವಾಗಿ ಒಂದು ಬೆಲ್ಲದ ಪೆಂಟೆಯ ಮೇಲೆ ಕುಳಿತುಬಿಟ್ಟರು. ಯಾರಾದರೂ ಬೆಲ್ಲದ ಮೇಲೆ ಕೂತರೆ ಬೈಯುವ ಮನುಷ್ಯ.

ಅವರೇ ಆಮೇಲೆ ದಾರಿ ಹುಡುಕಿದರು. ಚಾತುರ್ಮಾಸಕ್ಕೆ ಊರಲ್ಲಿ ಜೈನ ಸನ್ಯಾಸಿನಿ ಮಾತಾಜಿ ಒಬ್ಬರು ತಂಗಿದ್ದರು. ಅವರನ್ನು ಕೇಳಿ ನೇಮ ಸಡಿಲಿಸಿಕೊಳ್ಳಬಹುದು ಎಂದರು. ಅತ್ತೆ ಕೆಂಪಾದರು. "ಮಾತಾಜಿ ಮುಂದ ಏನಂತ ಹೇಳ್ಲಿ? ಟೀವ್ಯಾಗಿನ ಹುಡಗಿ ಕೋಣ್ಯಾಗ ಸಿಕ್ಕೊಂಡಾಳ್ರಿ ಅಂತನ? ಬಸದಿಗೆ ಮತ್ತ ಕಾಲಿಡಬ್ಯಾಡೇನ ನಾ?"

ನನಗೂ ಒಂದು ಸಂಶಯ ಕೊರೆಯುತ್ತಿತ್ತು. ಮೂರನೆಯ ಸಂಪುಟದಲ್ಲಿ ಬಾಗಿಲಿನ ಸಂದಿಯಿಂದ ಏನೋ ಹೊರಬರುತ್ತದೆ ಎಂದು ನೆನಪಿತ್ತು, ಏನೆಂದು ಸರಿಯಾಗಿ ಮರೆತಿತ್ತು. ಆ ಭಾನುವಾರ ಇಚಲಕರಂಜಿಗೆ ಹೋದೆ. ಪಕ್ಕದ ಮನೆಯ ಮಗ್ಗಗಳ ಖಟಖಟದ ನಡುವೆ ಆ ಸಂಪುಟಗಳನ್ನಿಟ್ಟಿದ್ದ ನನ್ನ ಟ್ರಂಕು ತೆಗೆಯುತ್ತಿದ್ದಾಗ ಅವ್ವ ಬಾಗಿಲಲ್ಲಿ ನಿಂತು ಕೂಗಿದಳು, "ನಿಮ್ಮತ್ತಿ ಚಹಾ ಬಿಟ್ಟಾರಂತ? ನಾ ಮದವಿ ಆಗಿ ಬಂದಾಗಿಂದ ಬಡಕೋಳಾಕತ್ತೇನಿ, ಕಡಿಮಿ ಮಾಡ್ರಿ ಅಕ್ಕಾರ ಅಂತ. ನನ್ನ ಮಾತ ಕೇಳ್ಲಿಲ್ಲ, ನೆರಳಿಲ್ಲದಾಕೀ ಮಾತ ಕೇಳಿದ್ರು!" ಅವಳಿಗೆ ಸಂತೋಷವೋ ಹೊಟ್ಟೆಕಿಚ್ಚೋ ಹೇಳುವುದು ಕಷ್ಟವಿತ್ತು.

ವಾಪಸು ಬರುವಾಗ ಕೊಲ್ಹಾಪುರದ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಓದುತ್ತ ಕೂತಾಗ ಆ ಪುಟ ಸಿಕ್ಕಿತು. ಸಂದಿಯಿಂದ ಹೊರಬರುವುದು ಹುಡುಗಿಯಲ್ಲ. ಅವಳಿಗೆ ಕೊನೆಗೂ ಮೂಡಿದ ಅವಳ ನೆರಳು. ಅವಳು ಒಳಗೇ ಉಳಿಯುತ್ತಾಳೆ. ಎಂಥ ಅದ್ಭುತ ಪುಟ ಅದು! ಮೊದಲ ಸಲ ಓದಿದಾಗ ಅತ್ತಿದ್ದೆ. ಈಗ ಪುಸ್ತಕ ಮುಚ್ಚಿ, ಲೇಖಕ ನಾಲ್ಕನೆಯ ಸಂಪುಟ ಬರೆಯುವವರೆಗೆ ಅತ್ತೆಗೆ ಚಹಾ ಇಲ್ಲ ಎಂದು ಯೋಚಿಸಿ ನಕ್ಕುಬಿಟ್ಟೆ. ಪಕ್ಕದಲ್ಲಿ ಕುಳಿತಿದ್ದ ಹೆಂಗಸು ನನ್ನ ನಗು ನೋಡಿ ತನ್ನ ಚೀಲ ಹತ್ತಿರಕ್ಕೆಳೆದುಕೊಂಡಳು.

ಅಲ್ಲಿಂದ ನಾನು ಬದಲಾದೆ. ಅಲ್ಲಿಯವರೆಗೆ ಧಾರಾವಾಹಿ ಪುಸ್ತಕ ಬಿಟ್ಟು ಎಲ್ಲಿ ಹೊರಳಿದರೂ ಉರಿಯುತ್ತಿದ್ದೆ. ಪುಸ್ತಕದಲ್ಲಿ ರಾಜ ಎಲ್ಲವನ್ನೂ ಮನಸ್ಸಿನಲ್ಲೇ ಯೋಚಿಸುತ್ತಾನೆ. ತೆರೆಯ ಮೇಲೆ ಮನಸ್ಸು ಕಾಣುವುದಿಲ್ಲವಾದ್ದರಿಂದ ಅವನಿಗೊಬ್ಬ ಕ್ಷೌರಿಕನನ್ನು ಕೊಟ್ಟಿದ್ದರು, ದಿನಾ ಗಡ್ಡ ಮಾಡಿಸಿಕೊಳ್ಳುತ್ತ ಅವನ ಮುಂದೆ ಹೇಳಿಕೊಳ್ಳಲಿ ಎಂದು. ಹುಡುಗಿಗೆ ನೆರಳಿಲ್ಲ ಎನ್ನುವುದು ಪುಸ್ತಕದಲ್ಲಿ ತಡವಾಗಿ, ಒಂದು ಮಗು ಬೆರಳು ತೋರಿಸಿದಾಗ ತಿಳಿಯುತ್ತದೆ. ಇಲ್ಲಿ ಮೊದಲ ದೃಶ್ಯದಿಂದಲೇ ಕಾಣಬೇಕು, ಅದಕ್ಕೇ ಉಳಿದವರ ಮೇಲೆಲ್ಲ ಒಂದೇ ಕಡೆಯಿಂದ ಜೋರು ಬೆಳಕು ಬಿಟ್ಟು ಗೋಡೆಯಷ್ಟು ನೆರಳು ಮಾಡಿದ್ದರು. ಎರಡನೆಯ ಸಂಪುಟದಲ್ಲಿ ಬರುವ ಸೇತುವೆಯ ದೃಶ್ಯ ಮೊದಲ ಸೀಜನ್ನಿಗೇ ಬಂದಿತ್ತು. ಇದೆಲ್ಲ ನನಗೆ ಈಗ ಶುಭಶಕುನ. ಇಷ್ಟು ಕೆಡಿಸಿದವರು ಇನ್ನಷ್ಟು ಕೆಡಿಸಲಿ ಎಂದು ಪ್ರಾರ್ಥಿಸುವಂತಾದೆ.

ಅದರಲ್ಲೂ ಆ ಅಗಳಿ. ಒಳಗಿದ್ದಿದ್ದರೆ ಅವಳು ಮನಸ್ಸು ಮಾಡಿದಾಗ ಮಾತ್ರ ತೆಗೆಯಬೇಕಿತ್ತು. ಹೊರಗಿದೆ ಎಂದಮೇಲೆ ಯಾರು ಬೇಕಾದರೂ ತೆಗೆಯಬಹುದು! ಪುಸ್ತಕದಲ್ಲಿ ಅವಳು ಹುಟ್ಟುವಾಗ ಹೆರಿಗೆ ಮಾಡಿಸಿದ ಸೂಲಗಿತ್ತಿ ಒಬ್ಬಳಿದ್ದಾಳೆ, ಕಾವಲುಗಾರ ಬೇರೆ ಒಬ್ಬನಿದ್ದಾನೆ. ಇಲ್ಲಿ ಇಬ್ಬರನ್ನೂ ಸೇರಿಸಿ ಒಬ್ಬ ಕಾವಲುಗಾರ್ತಿ ಮಾಡಿದ್ದರು. ಅಂದರೆ ಹುಡುಗಿಯ ಮೇಲೆ ಪ್ರೀತಿ ಇರುವವಳೇ ಅಗಳಿಯ ಪಕ್ಕದಲ್ಲಿ ನಿಂತಿದ್ದಾಳೆ. ಇದನ್ನು ಮಾಮಾ ಅವರಿಗೆ ವಿವರಿಸಿದೆ. ನನ್ನ ಪ್ರಬಂಧವನ್ನು ಅಷ್ಟು ಗಮನ ಕೊಟ್ಟು ಯಾವ ಪ್ರಾಧ್ಯಾಪಕರೂ ಕೇಳಿರಲಿಲ್ಲ.

"ಅಕೀಗೆ ಪಗಾರ ಬರೋಬ್ಬರಿ ಕೊಡೂದಿಲ್ಲ, ನೋಡು ಮಾರಿ ಹ್ಯಾಂಗೈತಿ," ಎಂದರು ಅವರು ಆಸೆಯಿಂದ. "ಬಿಡತಾಳ, ಬಿಡತಾಳ."

ಕೊನೆಯ ಕಂತಿನ ಸಂಜೆ ಅತ್ತೆ ಹಸನು ಮಾಡಲು ಏನನ್ನೂ ತೆಗೆದುಕೊಂಡು ಕೂರಲಿಲ್ಲ. ಸೆರಗಿನ ತುದಿ ಕೈಗೆ ಸುತ್ತಿಕೊಂಡಿದ್ದರು. ಕೋಟೆಗೆ ಬೆಂಕಿ ಬಿತ್ತು. ಕಾವಲುಗಾರ್ತಿ ಬಾಗಿಲ ಮುಂದೆ ನಿಂತಳು, ಅಗಳಿಗೆ ಕೈ ಹಾಕಿದಳು, ತೆಗೆದಳು. ಮಾಮಾ ನನ್ನ ಮೊಣಕೈ ಹಿಡಿದರು. ಬಾಗಿಲು ಒಂದಿಷ್ಟೇ ಸರಿಯಿತು. ಸಂದಿಯಿಂದ ಕಪ್ಪಗೆ, ನೀರಿನಂತೆ, ಒಂದು ನೆರಳು ನೆಲದ ಮೇಲೆ ಹರಿದು ಬಂತು.

ಎಲ್ಲ ಬದಲಿಸಿದವರು ಇಲ್ಲೇ ಬಂದು ಪುಸ್ತಕಕ್ಕೆ ನಿಷ್ಠರಾಗಬೇಕೆ?

"ಇದು ಅಕೀನ ಏನ?" ಅತ್ತೆಯ ದನಿ ಸಣ್ಣಗಿತ್ತು. "ನೆರಳ ಬಂದ್ರ ಬಂದಂಗ ಆತೇನ?"

ಆಗ ಬಾಗಿಲಿನಿಂದ ಒಂದು ಬರಿಗಾಲು ಹೊರಗೆ ಬಂತು. ಆ ನೆರಳಿನ ಮೇಲೆ ಊರಿತು. ಇನ್ನೊಂದು ಕಾಲು. ಹುಡುಗಿ ತನ್ನ ನೆರಳಿನ ಮೇಲೆ ತಾನೇ ನಡೆಯುತ್ತ ಹೊರಗೆ ಬಂದಳು.

ಪುಸ್ತಕದಲ್ಲಿ ಅದು ಇಲ್ಲ. ಇರಬೇಕಿತ್ತು. ನಾನು ಎದ್ದು ನಿಂತು ಶಿಳ್ಳೆ ಹಾಕಿದೆ. ಎಂದೂ ಶಿಳ್ಳೆ ಹಾಕಿದವಳಲ್ಲ. ಬಂದದ್ದು ಬರೀ ಗಾಳಿ ಮತ್ತು ಉಗುಳು. ಅತ್ತೆ "ಬಂದ್ಲು! ಬಂದ್ಲು!" ಎಂದು ನನ್ನ ಎರಡೂ ಕೈ ಹಿಡಿದು ಸುತ್ತಿಸಿದರು, ನಾವಿಬ್ಬರೂ ಸೋಫಾಕ್ಕೆ ಬಡಿದು ಕೂತೆವು. ಅಷ್ಟರಲ್ಲಿ ಅಡುಗೆಮನೆಯಲ್ಲಿ ಪಾತ್ರೆಯ ಸದ್ದು.

"ರೀ, ಏನ ಮಾಡಾಕತ್ತೀರಿ ಅಲ್ಲೆ?"

"ಚಹಾಕ್ಕ ಇಡಾಕತ್ತೇನಿ!"

"ಹೊತ್ತ ಮುಳುಗಿ ಎಷ್ಟೊತ್ತಾತ! ಇಳಸ್ರಿ ಕೆಳಗ!"

ಮಾಮಾ ಖಾಲಿ ಪಾತ್ರೆ ಹಿಡಿದು ಬಾಗಿಲಲ್ಲಿ ನಿಂತರು. ಇಷ್ಟು ದುಃಖದ ಮುಖ ಇಡೀ ಧಾರಾವಾಹಿಯಲ್ಲಿ ಇರಲಿಲ್ಲ. ಆಮೇಲೆ ಅವರಿಗೇ ಹೊಸ ಭಯ ಹುಟ್ಟಿತು. "ಮುಂದಿನ ಸೀಜನ್ನದಾಗ ಮತ್ತ ಒಳಗ ಹಾಕಿದ್ರ?"

"ನನ್ನ ನೇಮಾ ಮುಗೀತು," ಎಂದರು ಅತ್ತೆ. "ಇನ್ನ ಅಕೀದ ಅಕಿ ನೋಡ್ಕೋಬೇಕು."

ಮರುದಿನ ಬೆಳಿಗ್ಗೆ ನಾನು ಎಲ್ಲರಿಗಿಂತ ಮೊದಲು ಎದ್ದೆ. ಮಳೆ ಬಿಟ್ಟಿತ್ತು. ಗಚ್ಚಿಯ ಮೇಲೆ ಹೋಗಿ ಸೂರ್ಯ ಸರಿಯಾಗಿ ಮೇಲೆ ಬಂದದ್ದನ್ನು ನೋಡಿ, ಕೆಳಗಿಳಿದು ನೀರು ಸೋಸಿ ಒಲೆಯ ಮೇಲಿಟ್ಟೆ. ಅತ್ತೆ ಸ್ನಾನ ಮುಗಿಸಿ ಬಂದು ಕುಳಿತರು. ಬಶಿಗೆ ಸುರಿದು, ಊದಿ, ಕಣ್ಣು ಮುಚ್ಚಿ ಒಂದು ಗುಟುಕು ಕುಡಿದರು. ಮಾಮಾ ಮತ್ತು ನಾನು ಅವರ ಮುಖವನ್ನೇ ನೋಡುತ್ತಿದ್ದೆವು.

"ಸಕ್ಕರಿ ಕಡಿಮಿ ಆಗೈತಿ," ಎಂದರು ಅತ್ತೆ. "ಪುಡಿನೂ."

ನಾನು ಇನ್ನೊಮ್ಮೆ ಒಲೆ ಹಚ್ಚಿದೆ.