ಬೊಟ್ಟಿಟ್ಟ ಗೊದ್ದ

ನನಗೆ ಜ್ವರ ಬಂದಾಗಲೆಲ್ಲ ಅಮ್ಮ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಬೆಂಕಿಗೆ ಹಾಕುತ್ತಿದ್ದಳು. ಘಾಟು ಬರದಿದ್ದರೆ ದೃಷ್ಟಿ ತಾಗಿತ್ತು ಎಂದು ಅವಳ ಲೆಕ್ಕ. ಅಪ್ಪ ಸರ್ಕಾರಿ ಕಾರ್ಖಾನೆಯೊಂದರಲ್ಲಿ ತಯಾರಾದ ಬಿಡಿಭಾಗಗಳನ್ನು ಅಳೆದು ನೋಡುವ ಕೆಲಸದಲ್ಲಿದ್ದವರು. ಅಳತೆಗೆ ಸಿಗದ್ದು ಇಲ್ಲವೇ ಇಲ್ಲ ಎನ್ನುತ್ತಿದ್ದರು. ನಾನು ಸಣ್ಣವಳಿದ್ದಾಗಿನಿಂದಲೂ ಅಪ್ಪನ ಪಕ್ಷ. ದೆವ್ವ, ಶಕುನ, ಕನಸಿನ ಫಲ ಯಾವುದನ್ನೂ ನಂಬಿದವಳಲ್ಲ. ಇಂದಿಗೂ ನಂಬಿದ್ದೇನೆ ಎಂದು ಹೇಳಲಾರೆ. ಆದರೆ ಪೀಣ್ಯದಲ್ಲಿ ಒಂದು ಶನಿವಾರ ಮಧ್ಯಾಹ್ನ ನಡೆದದ್ದನ್ನು ನಾನು ಎಷ್ಟು ಬಾರಿ ಅಳೆದು ನೋಡಿದರೂ ಅದು ಯಾವ ಅಳತೆಗೂ ಕೂರುತ್ತಿಲ್ಲ. ನಡೆದ ಹಾಗೆಯೇ ಹೇಳಿಬಿಡುತ್ತೇನೆ.

ನಾನು ಓದಿದ್ದು ಇರುವೆಗಳ ಬಗ್ಗೆ, ಅದರಲ್ಲೂ ಗೊದ್ದಗಳ ಬಗ್ಗೆ. ಬೆಲ್ಲದ ಡಬ್ಬಿಯ ಸುತ್ತ ಓಡಾಡುವ ದೊಡ್ಡ ಕಪ್ಪಿರುವೆಯನ್ನು ನೀವೂ ನೋಡಿರುತ್ತೀರಿ. ಪುಸ್ತಕದಲ್ಲಿ ಅದರ ಕುಲಕ್ಕೆ ಕ್ಯಾಂಪೊನೋಟಸ್ ಎಂದು ಹೆಸರು. ಕುಲ ಒಂದೇ ಆದರೂ ಪ್ರಪಂಚದಲ್ಲಿ ಅದರ ಪ್ರಭೇದಗಳು ಸಾವಿರಕ್ಕೂ ಹೆಚ್ಚು. ಕೆಲವು ನೆಲದೊಳಗೆ ಗೂಡು ಮಾಡುತ್ತವೆ, ಕೆಲವು ಮರವನ್ನು ಕೊರೆದು ಅದರೊಳಗೇ ಸಂಸಾರ ಹೂಡುತ್ತವೆ. ಇವುಗಳನ್ನು ಬೇರೆ ಬೇರೆ ಎಂದು ಗುರುತಿಸಿ ಹೆಸರಿಡುವುದು ತಲೆನೋವಿನ ಕೆಲಸ. ಏಕೆಂದರೆ ಒಂದೇ ತಾಯಿಯ ಮಕ್ಕಳಲ್ಲೇ ಒಂದಕ್ಕೆ ಸಾಸಿವೆಯಷ್ಟು ತಲೆ, ಇನ್ನೊಂದಕ್ಕೆ ಎದೆಗಿಂತ ಅಗಲವಾದ ತಲೆ. ಹಿಂದಿನ ಕಾಲದವರು ಒಡಹುಟ್ಟಿದವನ್ನೇ ಎರಡು ಪ್ರಭೇದ ಎಂದು ಬರೆದಿಟ್ಟು ಹೋದದ್ದೂ ಉಂಟು.

ಈ ವಿಚಾರದಲ್ಲೇ ನನಗೂ ಬಸವರಾಜ್ ಅವರಿಗೂ ಮನಸ್ತಾಪವಾಯಿತು. ಅವರು ದಾವಣಗೆರೆ ಕಡೆಯವರು. ನನಗಿಂತ ನಾಲ್ಕು ವರ್ಷ ಹಿರಿಯರು, ಒಬ್ಬರೇ ಮೇಷ್ಟರ ಬಳಿ ಇಬ್ಬರೂ ಸಂಶೋಧನೆ ಮಾಡುತ್ತಿದ್ದೆವು. ಚಿಕ್ಕಬಾಣಾವರದಲ್ಲಿ ಮನೆ ಮಾಡಿಕೊಂಡು ದಿನಾ ಪೀಣ್ಯಕ್ಕೆ ಬಂದು, ಮುಚ್ಚಿಹೋದ ಎರಕದ ಕಾರ್ಖಾನೆಯೊಂದರ ಆವರಣದಲ್ಲಿ ಗೊದ್ದಗಳನ್ನು ನೋಡುತ್ತಾ ಕೂರುತ್ತಿದ್ದರು. ಒಂದೊಂದನ್ನೂ ಹಿಡಿದು, ಎದೆಯ ಮೇಲೆ ವೈಟ್ನರ್‌ನಿಂದ, ಹೊಟ್ಟೆಯ ಮೇಲೆ ಹೆಂಡತಿಯ ಕೆಂಪು ನೈಲ್ ಪಾಲಿಶ್‌ನಿಂದ ಚುಕ್ಕಿ ಇಟ್ಟು ಬಿಡುತ್ತಿದ್ದರು. ಚುಕ್ಕಿಗಳ ಲೆಕ್ಕದ ಮೇಲೆ ಯಾವುದು ಯಾವುದೆಂದು ಅವರಿಗೆ ಗೊತ್ತಾಗುತ್ತಿತ್ತು. ಅಲ್ಲಿ ಮರದೊಳಗೆ ಇರುವ ಗೊದ್ದ ಊರಲ್ಲೆಲ್ಲ ಕಾಣುವ ಗೊದ್ದವಲ್ಲ, ಇನ್ನೂ ಹೆಸರಿಲ್ಲದ ಪ್ರಭೇದ ಎಂಬುದು ಅವರ ವಾದ. ನಾನು ಅವರು ಕೊಟ್ಟ ಮಾದರಿಗಳನ್ನೇ ಸೂಕ್ಷ್ಮದರ್ಶಕದ ಕೆಳಗಿಟ್ಟು ಅಳೆದು, ಎರಡೂ ಒಂದೇ, ತಲೆಯ ಗಾತ್ರದಲ್ಲಿ ಮಾತ್ರ ವ್ಯತ್ಯಾಸ ಎಂದು ಲೇಖನ ಬರೆದೆ. ಅದು ಅಚ್ಚಾಯಿತು. ಅವರದು ಆಗಲಿಲ್ಲ.

ಅವರು ಜಗಳವಾಡಲಿಲ್ಲ. ಒಂದು ದಿನ ಕಾಫಿ ಕುಡಿಯುವಾಗ, "ಆಗ್ಲಿ ಬಿಡು ತಂಗಿ. ನೀ ಅಳ್ದಿದ್ದು ಸತ್ತವನ್ನ, ನಾ ನೋಡಿದ್ದು ಓಡಾಡೋವನ್ನ" ಅಂದರು. ಅಷ್ಟೇ. ಆಮೇಲೆ ವರ್ಷ ತುಂಬುವುದರೊಳಗೆ ಕಾಮಾಲೆಯಾಗಿ ತೀರಿಕೊಂಡರು. ಅವರ ಹೆಂಡತಿ ಗಿರಿಜಕ್ಕನನ್ನು ಮಾತಾಡಿಸಲು ಹೋದಾಗ ನಾನು ತಲೆಯೆತ್ತಿ ನೋಡಲಿಲ್ಲ.

ಇದಾಗಿ ಒಂಬತ್ತು ವರ್ಷದ ಮೇಲೆ ನಾನು ಮಹದೇವಪುರದ ಒಂದು ಸಂಸ್ಥೆಯಲ್ಲಿದ್ದೆ. ಎಲ್ಲಾದರೂ ದೊಡ್ಡ ಕಟ್ಟಡ ಏಳುವ ಮುಂಚೆ ಆ ಜಾಗದ ಗಿಡಮರ, ಹಕ್ಕಿ, ಹುಳಹುಪ್ಪಟೆ ಪಟ್ಟಿ ಮಾಡಿಕೊಡುವುದು ನಮ್ಮ ಕೆಲಸ. ಆ ಬಾರಿ ಬಂದ ವಿಳಾಸ ಪೀಣ್ಯದ ಅದೇ ಕಾರ್ಖಾನೆಯದು. ಅದನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟುವವರಿದ್ದರು. ಬೇರೆಯವರನ್ನು ಕಳಿಸಿ ಎನ್ನಬಹುದಿತ್ತು. ಎನ್ನಲಿಲ್ಲ. ಅಲ್ಲಿನ ಗೊದ್ದಗಳನ್ನು ಒಮ್ಮೆಯಾದರೂ ಜೀವಂತವಾಗಿ ನೋಡಬೇಕೆಂದು ಮನಸ್ಸಿನೊಳಗೆ ಇತ್ತು.

ಗೇಟಿನಲ್ಲಿ ರಂಗಪ್ಪ ಇದ್ದರು. ಮಾಗಡಿ ಕಡೆಯವರು, ಅರವತ್ತು ದಾಟಿತ್ತು. ಕಾರ್ಖಾನೆ ನಡೆಯುತ್ತಿದ್ದಾಗ ಮೂವತ್ತು ವರ್ಷ ಅಲ್ಲೇ ಬಡಗಿಯಾಗಿದ್ದು, ಮುಚ್ಚಿದ ಮೇಲೆ ಅಲ್ಲೇ ಕಾವಲಿಗೆ ನಿಂತವರು. ಎರಕ ಹೊಯ್ಯುವ ಮುಂಚೆ ಅಚ್ಚು ತೆಗೆಯಲು ಮರದ ಮಾದರಿ ಬೇಕು. ಅದಕ್ಕೆ ಪ್ಯಾಟರ್ನ್ ಎನ್ನುತ್ತಾರೆ. ಅವನ್ನು ಕೆತ್ತುತ್ತಿದ್ದವರು ಇವರು. ಇರುವೆ ನೋಡಲು ಬಂದಿದ್ದೇನೆ ಎಂದಾಗ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. ಹಿಂದೆಯೂ ಒಬ್ಬ ಸಾರ್ ಬರುತ್ತಿದ್ದರು, ಇರುವೆಗೆ ಬೊಟ್ಟು ಇಡುತ್ತಿದ್ದರು, ಆದರೆ ಆಗ ಗೋದಾಮಿಗೆ ಕೋರ್ಟಿನ ಬೀಗ ಇದ್ದುದರಿಂದ ಹೊರಗಡೆಯೇ ಕೂತು ನೋಡುತ್ತಿದ್ದರು ಎಂದರು. ಆ ಸಾರ್ ನನಗೆ ಗೊತ್ತಿದ್ದವರು ಎಂದು ನಾನು ಹೇಳಲಿಲ್ಲ.

ಪ್ಯಾಟರ್ನ್ ಗೋದಾಮಿಗೆ ಸುತ್ತ ದಪ್ಪ ಕಲ್ಲಿನ ಗೋಡೆ, ಮೇಲೆ ಕಾಂಕ್ರೀಟು. ಒಂದು ಕಿಟಕಿಯೂ ಇಲ್ಲ. ಇರುವುದು ಒಂದೇ ರೋಲಿಂಗ್ ಶಟರ್. ರಂಗಪ್ಪ ಅದನ್ನು ಕಷ್ಟಪಟ್ಟು ಎದೆಯ ಮಟ್ಟಕ್ಕೆ ಎತ್ತಿದರು, ಇಬ್ಬರೂ ಬಗ್ಗಿ ಒಳಗೆ ಹೋದೆವು. ಗೋಡೆಯುದ್ದಕ್ಕೂ ಚಾವಣಿಯವರೆಗೆ ಅಟ್ಟಣಿಗೆ, ಅದರ ತುಂಬ ಮರದ ಚಕ್ರ, ಮರದ ಪಂಪು, ಮರದ ಹಲ್ಲುಗಾಲಿ. ನಾವು ನಡುವೆ ಬಂದಿದ್ದೆವು. ಹಿಂದೆ ಏನೋ ಪಟ್ಟನೆ ಕಡಿದ ಸದ್ದಾಯಿತು. ಶಟರ್ ಒಂದೇ ಏಟಿಗೆ ನೆಲಕ್ಕೆ ಬಿತ್ತು. ಆ ಅದುರಿಗೆ ಅಟ್ಟಣಿಗೆಯ ಒಂದು ಸಾಲು ಮುರಿದು ಕೆಳಗೆ ಬಂತು.

ಇಬ್ಬರಿಗೂ ಪೆಟ್ಟಾಗಿರಲಿಲ್ಲ. ಸ್ಪ್ರಿಂಗ್ ಹೋಗಿದೆ ಎಂದರು ರಂಗಪ್ಪ. ಇಬ್ಬರೂ ಸೇರಿ ಎತ್ತಿದೆವು. ತಗಡು ಪಕ್ಕದ ಕಂಬಿಯ ಜಾಡಿನಿಂದ ಹೊರಬಂದು ಸೊಟ್ಟಗಾಗಿ ಕಚ್ಚಿಕೊಂಡಿತ್ತು, ಒಂದು ಬೆರಳಷ್ಟೂ ಏಳಲಿಲ್ಲ. ಅದರ ಸೂಜಿ ತೂತುಗಳಿಂದ ಬರುವ ಮಸುಕು ಬೆಳಕೇ ನಮಗೆ ಬೆಳಕು. ನನ್ನ ಫೋನಿಗೆ ಸಿಗ್ನಲ್ ಇರಲಿಲ್ಲ, ಚಾರ್ಜೂ ಮುಗಿಯುತ್ತಾ ಬಂದಿತ್ತು. ಅವರ ಫೋನು ಗೇಟಿನ ಕೋಣೆಯಲ್ಲಿ. ತಗಡು ಬಡಿದು ಕೂಗಿದೆವು. ಪಕ್ಕದ ಶೆಡ್ಡಿನಲ್ಲಿ ತಗಡು ಒತ್ತುವ ಪವರ್ ಪ್ರೆಸ್ ಧಡ್ ಧಡ್ ಎಂದು ಹೊಡೆಯುತ್ತಲೇ ಇತ್ತು, ನಮ್ಮ ಕೂಗು ಅದರೊಳಗೇ ಕರಗಿಹೋಯಿತು. ಬದಲಿ ಕಾವಲುಗಾರ ಬರುವುದು ರಾತ್ರಿ ಎಂಟಕ್ಕೆ. ಆಗ ಇನ್ನೂ ಮೂರು ಗಂಟೆ.

ಐದು ತಾಸು ಕಾಯಬಹುದಿತ್ತು. ಆದರೆ ಬಿದ್ದ ಮರದ ಚಕ್ರವೊಂದು ಎರಡು ಹೋಳಾಗಿ ಒಡೆದಿತ್ತು, ಅದರೊಳಗೆಲ್ಲ ಗೊದ್ದಗಳ ಗೂಡು. ಸಾವಿರಾರು ಇರುವೆ ಬಿಳಿ ಮರಿಗಳನ್ನು ಕಚ್ಚಿಕೊಂಡು ದಿಕ್ಕೆಟ್ಟು ಓಡುತ್ತಿದ್ದವು. ಗೊದ್ದಕ್ಕೆ ಚುಚ್ಚುವ ಮುಳ್ಳಿಲ್ಲ. ಗಾಬರಿಯಾದರೆ ಹೊಟ್ಟೆಯ ತುದಿಯಿಂದ ಆಮ್ಲ ಚಿಮ್ಮಿಸುತ್ತದೆ. ಒಂದೆರಡು ಚಿಮ್ಮಿಸಿದರೆ ನಮಗೆ ತಿಳಿಯುವುದೂ ಇಲ್ಲ. ಅಷ್ಟು ಇರುವೆ, ಗಾಳಿಯಿಲ್ಲದ ಕೋಣೆ. ಹುಳಿ ಘಾಟು ಮೂಗಿಗೆ ಏರಿತು, ಕಣ್ಣು ಉರಿಯಿತು. ಅಟ್ಟಣಿಗೆಯ ಒಣ ಮರದೊಳಗಿನಿಂದ ಸಣ್ಣಗೆ ಟಕಟಕ ಕೇಳಿಸತೊಡಗಿತು. ಅಪಾಯವಾದಾಗ ಮರದ ಗೊದ್ದಗಳು ಗೂಡಿನ ಗೋಡೆಗೆ ಮೈ ಬಡಿದು ಒಂದಕ್ಕೊಂದು ತಿಳಿಸುತ್ತವೆ. ಅದನ್ನು ನಾನು ಪಾಠ ಮಾಡಿದ್ದೆ, ಕೇಳಿರಲಿಲ್ಲ. ನಾಲ್ಕೂ ಕಡೆಯಿಂದ ಬರುತ್ತಿತ್ತು.

ರಂಗಪ್ಪ ಕೆಮ್ಮಲು ಶುರು ಮಾಡಿದರು. ಅವರಿಗೆ ಉಬ್ಬಸವಿದೆ, ಎಳೆದುಕೊಳ್ಳುವ ಔಷಧಿಯೂ ಗೇಟಿನ ಕೋಣೆಯಲ್ಲೇ ಉಳಿದಿದೆ ಎಂದು ಆಗ ತಿಳಿಯಿತು. ಅವರನ್ನು ಗೋಡೆಗೆ ಒರಗಿಸಿ ಕೂರಿಸಿದೆ. ಎದೆ ಸಿಳ್ಳೆ ಹಾಕಿದಂತೆ ಸದ್ದು ಮಾಡುತ್ತಿತ್ತು.

"ಉಸ್ರು ಕಟ್ತಾ ಐತೆ ಮೇಡಂ," ಅಂದರು. ಸ್ವಲ್ಪ ಹೊತ್ತಿನ ಮೇಲೆ, "ನಮ್ಮೋಳಿಗೆ ಒಂದ್ ಮಾತು ಯೋಳ್ಬೇಕು. ಗ್ಯಾಪ್ಕ ಇಟ್ಕೊಳಿ" ಅಂದರು. ನಾನು ಮಾತು ಮರೆಸಿದೆ. ಕೇಳಿಬಿಟ್ಟರೆ ಅವರು ಸತ್ತೇಹೋಗುತ್ತಾರೆ ಅನ್ನಿಸಿತು. ಮತ್ತೆ ಶಟರಿನ ಬಳಿ ಹೋಗಿ ಕೈ ಕಂದುವವರೆಗೆ ಬಡಿದೆ. ತಿರುಗಿ ಬರುವಷ್ಟರಲ್ಲಿ ಅವರ ತುಟಿ ಕಪ್ಪಿಟ್ಟಿತ್ತು. ಆ ಕೋಣೆ ಕುಗ್ಗುತ್ತಾ ಬಂದು ನಮ್ಮಿಬ್ಬರ ಮೈಗೆ ಅಂಟಿಕೊಳ್ಳುತ್ತಿದೆ ಅನ್ನಿಸುತ್ತಿತ್ತು. ನನಗೂ ಉಸಿರು ಸಾಲುತ್ತಿರಲಿಲ್ಲ.

ಆಗ ರಂಗಪ್ಪ ನನ್ನ ಅಂಗಿಯ ತುದಿಯನ್ನು ಮೆಲ್ಲಗೆ ಜಗ್ಗಿದರು. ಬೆರಳು ನೆಲದ ಕಡೆ ತೋರುತ್ತಿತ್ತು.

"ಅಲ್ನೋಡಿ ಮೇಡಂ. ಆ ಸಾರ್ ಬೊಟ್ಟಿಟ್ಟಿದ್ ಗೊದ್ದ."

ಫೋನಿನ ಬೆಳಕು ಬಿಟ್ಟೆ. ದೊಡ್ಡ ತಲೆಯ ಒಂದು ಗೊದ್ದ. ಎದೆಯ ಮೇಲೆ ಒಂದು ಬಿಳಿ ಚುಕ್ಕಿ, ಹೊಟ್ಟೆಯ ಮೇಲೆ ಎರಡು ಕೆಂಪು ಚುಕ್ಕಿ. ಈಗಷ್ಟೇ ಇಟ್ಟಂತೆ ಹೊಳೆಯುತ್ತಿದ್ದವು. ಉಳಿದವೆಲ್ಲ ದಿಕ್ಕಾಪಾಲಾಗಿ ಓಡುತ್ತಿದ್ದರೆ ಇದೊಂದು ಅವಸರವಿಲ್ಲದೆ ನೇರವಾಗಿ ಹಿಂದಿನ ಗೋಡೆಯ ಕಡೆ ನಡೆಯುತ್ತಿತ್ತು. ಹಿಂದೆಯೇ ಮೊಣಕಾಲೂರಿ ಹೋದೆ. ಅಟ್ಟಣಿಗೆಯ ಕೆಳಗೆ ನುಗ್ಗಿ, ಗೋಡೆ ಹತ್ತಿ, ಮೊಣಕಾಲಿನ ಎತ್ತರದಲ್ಲಿ ಒಂದು ಸಣ್ಣ ಬಿರುಕಿನೊಳಗೆ ಹೋಯಿತು. ಹೊರಗೆ ಬಂತು. ಮತ್ತೆ ಹೋಯಿತು, ಮತ್ತೆ ಬಂತು. ಬಿರುಕಿಗೆ ಬೆರಳಿಟ್ಟೆ. ತಣ್ಣಗೆ ಗಾಳಿ ತಾಗಿತು.

ಇಲ್ಲಿ ನಾನು ಮಾಡಿದ್ದನ್ನು ಮುಚ್ಚಿಡಬಾರದು. ಮೂರನೆಯ ಸಲ ಅದು ಹೊರಗೆ ಬಂದಾಗ, ಜೇಬಿನಲ್ಲಿದ್ದ, ಮಾದರಿಗಳನ್ನು ಕೆಡದಂತೆ ಇಡುವ ಸ್ಪಿರಿಟ್ ಶೀಶೆಯ ಮುಚ್ಚಳ ತೆಗೆದು ಅದನ್ನು ಒಳಗೆ ಕೆಡವಿಕೊಂಡೆ. ಹದಿನೈದು ವರ್ಷದ ಅಭ್ಯಾಸ; ಕೈ ತಾನಾಗಿ ಮಾಡಿಬಿಟ್ಟಿತು. ಆಮೇಲೆ ಅಟ್ಟಣಿಗೆಯ ಸಾಮಾನು ಎಳೆದುಹಾಕಿ ಗೋಡೆಗೆ ಒದ್ದೆ. ಅದು ಗೋಡೆಯಾಗಿರಲಿಲ್ಲ. ಯಾವ ಕಾಲದಲ್ಲೋ ಒಂದು ಕಿಂಡಿಗೆ ಹಲಗೆ ಬಡಿದು ಮೇಲೆ ಸುಣ್ಣ ಹೊಡೆದಿದ್ದರು. ಹಲಗೆಯ ಒಳಗೆಲ್ಲ ಇರುವೆ ಕೊರೆದು ಟೊಳ್ಳಾಗಿತ್ತು. ನಾಲ್ಕನೆಯ ಒದೆತಕ್ಕೆ ಪುಡಿಯಾಗಿ ಬೆಳಕು ಬಂತು. ರಂಗಪ್ಪನವರನ್ನು ಎಳೆದು ತಂದು ಅವರ ಮುಖವನ್ನು ಕಿಂಡಿಗೆ ಹಿಡಿದೆ. ಅವರು ಉಸಿರಾಡಿಕೊಂಡ ಮೇಲೆ ಮೈ ತರಚಿಕೊಂಡು ಹೊರಗೆ ತೂರಿ, ಪಕ್ಕದ ಶೆಡ್ಡಿಗೆ ಓಡಿದೆ. ಪ್ರೆಸ್ ನಿಲ್ಲಿಸಿ ನಾಲ್ಕು ಜನ ಓಡಿಬಂದರು. ಒಬ್ಬ ಔಷಧಿ ತಂದ, ಉಳಿದವರು ಜಾಕ್ ಕೊಟ್ಟು ಶಟರ್ ಎತ್ತಿದರು.

ರಂಗಪ್ಪ ಬದುಕಿದರು. ಮಾರನೆಯ ದಿನ ಆಸ್ಪತ್ರೆಯಲ್ಲಿ ಕೇಳಿದೆ. ಮೂವತ್ತು ವರ್ಷ ಅಲ್ಲೇ ಕೆಲಸ ಮಾಡಿದರೂ ಅಲ್ಲೊಂದು ಕಿಂಡಿ ಇರುವುದು ಅವರಿಗೆ ಗೊತ್ತಿರಲಿಲ್ಲ. ಬಸವರಾಜ್ ಆದ ಮೇಲೆ ಇರುವೆಗೆ ಬೊಟ್ಟಿಡಲು ಇನ್ಯಾರೂ ಬಂದಿರಲಿಲ್ಲ. ಬೊಟ್ಟು ನೋಡಿದ್ದು ನಿಜವೇ ಎಂದದ್ದಕ್ಕೆ, "ಒಂದ್ ಬಿಳೀದು, ಎರಡು ಕೆಂಪು. ನೀವೂ ಕಂಡ್ರಲ್ಲ" ಎಂದರು. ಅವರಿಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ.

ನನಗೆ ಕಂಡಿತು. ಗೊದ್ದಗಳಲ್ಲಿ ರಾಣಿ ಹತ್ತು ವರ್ಷ ಬದುಕಬಹುದು. ಆದರೆ ರಾಣಿಯ ಎದೆಯ ಆಕಾರವೇ ಬೇರೆ, ಉದುರಿದ ರೆಕ್ಕೆಯ ಗುರುತು ಇರುತ್ತದೆ. ಇದು ಕೆಲಸಗಾರ ಇರುವೆ. ಅದರ ಆಯಸ್ಸು ಒಂದೆರಡು ವರ್ಷ, ಹೆಚ್ಚೆಂದರೆ ಇನ್ನೂ ಸ್ವಲ್ಪ. ಒಂಬತ್ತು ವರ್ಷ ಬದುಕುವುದಿಲ್ಲ, ಬದುಕಿದರೂ ಬಣ್ಣ ಉಳಿಯುವುದಿಲ್ಲ. ಶೀಶೆ ತೆಗೆದು ನೋಡಿದೆ. ಸ್ಪಿರಿಟ್ಟಿಗೆ ಬಣ್ಣ ಬಿಟ್ಟುಹೋಗಿ ತಳದಲ್ಲಿ ಚಿಟಿಕೆ ಬಿಳಿ ಪುಡಿ ಉಳಿದಿತ್ತು. ಇರುವೆಯ ಮೈಮೇಲೆ ಏನೂ ಇರಲಿಲ್ಲ. ಫೋಟೋ ತೆಗೆಯಬೇಕೆಂದು ಆ ಹೊತ್ತಿನಲ್ಲಿ ನನಗೆ ಹೊಳೆದೇ ಇರಲಿಲ್ಲ.

ಮುಂದಿನ ವಾರ ಚಿಕ್ಕಬಾಣಾವರಕ್ಕೆ ಹೋದೆ. ಗಿರಿಜಕ್ಕ ಈಗ ಅಲ್ಲೇ ಶಾಲೆಯೊಂದರಲ್ಲಿ ಪಾಠ ಮಾಡುತ್ತಾರೆ. ಕಾರಣ ಹೇಳದೆ ಬಸವರಾಜರ ನೋಟ್‌ಪುಸ್ತಕಗಳನ್ನು ನೋಡಬಹುದೇ ಎಂದು ಕೇಳಿದೆ. ಅವರು ಟ್ರಂಕು ತೆಗೆದುಕೊಟ್ಟರು. ಕೊನೆಯ ಪುಸ್ತಕದ ಕೊನೆಯಲ್ಲಿ ಬರೆದಿದ್ದ ಪುಟ ಇದು: "ಬಿಳಿ ಒಂದು, ಕೆಂಪು ಎರಡು. ದೊಡ್ಡ ತಲೆ. ನಾಲ್ಕು ಗಂಟೆಗೆ ಗೋದಾಮಿನ ಹಿಂದಿನ ಗೋಡೆಯ ಬಿರುಕಿನಿಂದ ಒಳಗೆ ಹೋಯಿತು. ಹೊರಗೆ ಬರಲೆಂದು ಕಾಯುತ್ತಿದ್ದೇನೆ." ಮುಂದಿನ ಪುಟಗಳು ಖಾಲಿ.

ಗಿರಿಜಕ್ಕನಿಗೆ ಎಲ್ಲವನ್ನೂ ಹೇಳಿದೆ. ನನ್ನ ಲೇಖನದ ವಿಷಯವನ್ನೂ ಹೇಳಿದೆ. ಅವರು ಪುಸ್ತಕವನ್ನು ಮುಚ್ಚಿ ಮತ್ತೆ ಟ್ರಂಕಿಗಿಡುತ್ತಾ, "ನೀವು ಅದನ್ನ ಬಿಟ್ಬಿಡಬೇಕಿತ್ತು ಕಣ್ರೀ" ಎಂದರು.

ಆ ಇರುವೆಯನ್ನು ಅಳೆದಿದ್ದೇನೆ. ತಲೆಯ ಅಗಲ, ಮೀಸೆಯ ಉದ್ದ, ಸೊಂಟದ ಗೆಣ್ಣು. ನಾನು ಹಿಂದೆ ಅಳೆದವುಗಳ ಜೊತೆ ಅದು ಸರಿಯಾಗಿ ಹೊಂದುವುದಿಲ್ಲ. ಆದರೆ ಒಂದೇ ಒಂದು ಮಾದರಿಯ ಮೇಲೆ ಹೊಸ ಪ್ರಭೇದ ಎನ್ನಲು ನನ್ನ ಓದು ಬಿಡುವುದಿಲ್ಲ. ಇನ್ನಷ್ಟು ತರೋಣವೆಂದು ಹೋಗುವಷ್ಟರಲ್ಲಿ ಜೆಸಿಬಿ ಬಂದು ಗೋದಾಮನ್ನು ಮರದ ಸಮೇತ ಸಮ ಮಾಡಿತ್ತು.

ಈಗ ಅದು ನನ್ನ ಪೆಟ್ಟಿಗೆಯಲ್ಲಿ ಸೂಜಿಯ ಮೇಲಿದೆ. ಇಂಥ ಪ್ರತಿಯೊಂದಕ್ಕೂ ಕೆಳಗೆ ಒಂದು ಚೀಟಿ ಇರಬೇಕು, ಇಲ್ಲದಿದ್ದರೆ ಅದಕ್ಕೆ ಬೆಲೆಯಿಲ್ಲ. ಎಲ್ಲಿ ಸಿಕ್ಕಿತು, ಯಾವತ್ತು ಸಿಕ್ಕಿತು, ಹಿಡಿದವರು ಯಾರು. ಪೀಣ್ಯ ಎಂದು ಬರೆದೆ. ಉಳಿದ ಎರಡು ಸಾಲಿಗೆ ಏನು ಬರೆದರೆ ಸುಳ್ಳಾಗುವುದಿಲ್ಲ ಎಂದು ತಿಳಿಯದೆ ಪೆನ್ನಿನ ಮುಚ್ಚಳ ಹಾಕಿದೆ. ಆ ಎರಡು ಸಾಲು ಇನ್ನೂ ಹಾಗೆಯೇ ಇವೆ.