ಅರವತ್ತು ಲಗ್ನಪತ್ರಿಕೆ, ಒಂದು ಟ್ರಿಮ್ಮರ್

ಕಡೂರಿನ ಆ ಸ್ಟೇಷನರಿ ಅಂಗಡಿಯವನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಪೇಪರ್ ಟ್ರಿಮ್ಮರ್ ಬೇಕು ಅಂದವಳು ನಾನು. ಕಾಗದದ ಕಟ್ಟನ್ನು ಎದೆಗೆ ಅವುಚಿಕೊಂಡು ತರೀಕೆರೆಯಿಂದ ಬಸ್ಸಿನಲ್ಲಿ ನಿಂತೇ ಬಂದವಳೂ ನಾನು. ಆ ಮಹಾನುಭಾವ ಮಾತಾಡಿದ್ದೆಲ್ಲ ನನ್ನ ಗಂಡನ ಜೊತೆ.

"ಮೇಡಂಗೆ ಯಾವ ಥರದ್ದು ಬೇಕಂತೆ ಸಾರ್? ಮಕ್ಕಳ ಪ್ರಾಜೆಕ್ಟಿಗಾ?"

ನನ್ನವರು ನನ್ನ ಮುಖ ನೋಡಿದರು. ಮದುವೆಯಾಗಿ ಹತ್ತೊಂಬತ್ತು ವರ್ಷ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳ ಜೊತೆ ಬಾಳಿ ಅಭ್ಯಾಸವಾದ ಮನುಷ್ಯ, ಮೆಲ್ಲಗೆ ಒಂದು ಹೆಜ್ಜೆ ಹಿಂದೆ ಸರಿದರು.

"ಮೇಡಂಗೂ ಬಾಯಿದೆ ಕಣ್ರೀ. ಮೇಡಂನೇ ಕೇಳಿ," ಅಂದೆ.

ನಾನು ಮನೆಯಲ್ಲಿ ಕಾರ್ಡ್ ಮಾಡುತ್ತೇನೆ. ನಾಮಕರಣ, ಸೀಮಂತ, ಗೃಹಪ್ರವೇಶ, ಹೀಗೆ ಯಾರಿಗೆ ಕೈಯಲ್ಲಿ ಮಾಡಿದ್ದು ಬೇಕೋ ಅವರಿಗೆ. ಎಂಟು ವರ್ಷ ಸ್ಟೀಲ್ ಸ್ಕೇಲು ಮತ್ತು ಬ್ಲೇಡಿನಲ್ಲೇ ಕತ್ತರಿಸಿದ್ದೇನೆ. ಎಡಗೈ ಹೆಬ್ಬೆರಳಿನಲ್ಲಿ ಅದರ ಗುರುತು ಮೂರಿವೆ. ಗೆರೆ ಒಂದು ನೂಲಿನಷ್ಟು ಓರೆಯಾದರೂ ಸಾಕು, ಕಾರ್ಡ್ ಮಡಚಿದಾಗ ಅಂಚಿಗೆ ಅಂಚು ಕೂರುವುದಿಲ್ಲ. ಇದನ್ನು ಹೇಳಿದರೆ ನನ್ನವರು, "ಕಾಗದ ಕತ್ತರ್ಸೋದ್ ತಾನೆ, ಯಾವ್ದಾದ್ರೇನು?" ಎಂದು ಫೋನಿನಲ್ಲಿ ಒಂದು ಪ್ಲಾಸ್ಟಿಕ್ಕಿನದ್ದು ತರಿಸಿಕೊಟ್ಟರು. ಎರಡು ತಿಂಗಳಿಗೆ ಅದರ ಬ್ಲೇಡು ಸವೆಯಿತು, ಬೇರೆ ಬ್ಲೇಡು ಎಲ್ಲೂ ಸಿಗಲಿಲ್ಲ. ಈಗ ಅದು ಅಡುಗೆಮನೆಯಲ್ಲಿ ಬಿಸಿ ಪಾತ್ರೆ ಇಡುವ ಮಣೆ.

ಈ ಸಲ ಹಾಗೆ ಆಗುವಂತಿರಲಿಲ್ಲ. ಅಜ್ಜಂಪುರದ ಒಬ್ಬ ತಾಯಿ ನನ್ನನ್ನು ಹುಡುಕಿಕೊಂಡು ಬಂದಿದ್ದರು. ಮಗಳ ಮದುವೆ, ಅರವತ್ತು ಕಾರ್ಡು. ಮಗಳು ಅಂಗನವಾಡಿಯಲ್ಲಿ ಟೀಚರ್. ಮೊದಲ ಗಂಡ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಈಗ ಲಕ್ಕವಳ್ಳಿಯ ಹುಡುಗ ಒಪ್ಪಿ ಕೇಳಿಕೊಂಡು ಬಂದಿದ್ದ. ಮಾತುಕತೆಗೆ ಅವರ ಮನೆಗೆ ಹೋದಾಗ ಹುಡುಗಿಯ ಸೋದರಮಾವ ಕುರ್ಚಿಯಲ್ಲಿ ಕಾಲು ಮೇಲೆ ಕಾಲು ಹಾಕಿ ಕೂತಿದ್ದ.

"ಎರಡ್ನೇದಕ್ಕೆಲ್ಲ ಕಾರ್ಡ್ ಯಾತಕ್ಕಮ್ಮ? ಫೋನಲ್ಲಿ ನಾಕ್ ಜನಕ್ಕೆ ಹೇಳಿ ಮುಗ್ಸಿದ್ರಾಯ್ತು. ಅರಿಶಿಣ ಹಚ್ಚಿ ಮನೆಮನೆಗೆ ಹಂಚೋ ಅಂಥದ್ದಾ ಇದು?"

ನನ್ನ ಮೈಯೆಲ್ಲ ಉರಿದುಹೋಯಿತು. ನಮ್ಮ ನೆಂಟರಲ್ಲ, ನಮ್ಮ ಪೈಕಿಯೂ ಅಲ್ಲ. ಆದರೂ ತಡೆಯಲಾಗಲಿಲ್ಲ.

"ಅಲ್ರೀ, ನಿಮ್ಮನೆ ಗಂಡಸ್ರು ಯಾರಾದ್ರೂ ಎರಡ್ನೇ ಮದ್ವೆ ಆಗಿದ್ರೆ ಕದ್ದುಮುಚ್ಚಿ ಮಾಡ್ತಿದ್ರಾ? ಅವಳೇನು ತಪ್ಪು ಮಾಡಿದಾಳೆ ಅಂತ ಮುಚ್ಚಿಡ್ಬೇಕು?"

ಅವನು ಎದ್ದು ಹೊರಗೆ ಹೋದ. ಹುಡುಗಿ ನನ್ನನ್ನು ಒಳಗೆ ಕರೆದಳು. "ಮೊದಲ್ನೇ ಸಲ ಕಾರ್ಡ್ ಹೆಂಗಿರ್ಬೇಕು ಅಂತ ನನ್ನ ಯಾರೂ ಕೇಳೇ ಇರ್ಲಿಲ್ಲ ಆಂಟಿ. ಇದನ್ನ ನಾನೇ ಆರಿಸ್ತೀನಿ. ಯಾರೂ ಓದಿ ಮೂಲೆಗೆ ಬಿಸಾಕ್ಬಾರ್ದು, ಹಂಗಿರ್ಲಿ," ಅಂದಳು. ಬಾದಾಮಿ ಬಣ್ಣದ, ಕೈಯಲ್ಲಿ ತಯಾರಿಸಿದ ದಪ್ಪ ಕಾಗದವನ್ನು ಆರಿಸಿದಳು. ಬೆಂಗಳೂರಿನಿಂದ ಅರವತ್ತಾರು ಹಾಳೆ ತರಿಸಿದೆ. ಅದಕ್ಕಿಂತ ಹೆಚ್ಚು ಅವರಲ್ಲೂ ಇರಲಿಲ್ಲ. ಆ ಅರವತ್ತು ಕಾರ್ಡನ್ನು ಊರಿನ ಯಾವ ಪ್ರೆಸ್ಸಿನವನೂ ಬೆರಳು ತೋರಿಸದಂತೆ ಮಾಡಿಕೊಡಬೇಕು ಎಂದು ಹಟ ತೊಟ್ಟುಬಿಟ್ಟೆ. ಕಡೂರಿಗೆ ಹೋಗಿದ್ದು ಆ ಹಟದಲ್ಲೇ.

ಅಂಗಡಿಯವನು ಮೂರು ಟ್ರಿಮ್ಮರ್ ತೆಗೆದಿಟ್ಟ. ಮೊದಲನೆಯದು ದೊಡ್ಡ ಹಿಡಿಯನ್ನು ಮೇಲಿನಿಂದ ಕೆಳಕ್ಕೆ ಒತ್ತುವಂಥದ್ದು. "ಫೋಟೋ ಸ್ಟುಡಿಯೋದೋರೆಲ್ಲ ಇದನ್ನೇ ತಗೊಳ್ಳೋದು ಸಾರ್." ನನ್ನ ಚೀಲದಿಂದ ಹಾಳೆಯ ಒಂದು ತುಂಡು ತೆಗೆದು ಕತ್ತರಿಸಿದೆ. ಹಿಡಿ ಕೆಳಗೆ ಬರುತ್ತಿದ್ದ ಹಾಗೆ ಕಾಗದ ಜಾರಿತು, ಕೊನೆಯಲ್ಲಿ ಗೆರೆ ಓರೆಯಾಯಿತು. ಎರಡನೆಯದರಲ್ಲಿ ಸಣ್ಣ ಬ್ಲೇಡೊಂದು ಕಂಬಿಯ ಮೇಲೆ ಸರಿಯುತ್ತದೆ. ತೆಳು ಕಾಗದಕ್ಕೇನೋ ಸೈ, ನನ್ನ ದಪ್ಪ ಕಾಗದದ ಎಳೆಗಳನ್ನು ಅದು ಇಲಿ ಕಡಿದ ಹಾಗೆ ಕಡಿಯಿತು. ಮೂರನೆಯದರಲ್ಲಿ ಚಕ್ರದಂಥ ದುಂಡು ಬ್ಲೇಡು. ಕಾಗದವನ್ನು ಒಂದು ಪಟ್ಟಿ ಉದ್ದಕ್ಕೂ ಅದುಮಿ ಹಿಡಿಯುತ್ತದೆ, ಚಕ್ರ ಅದರ ಪಕ್ಕದ ಸಂದಿನಲ್ಲಿ ಉರುಳಿಕೊಂಡು ಹೋಗುತ್ತದೆ. ಕತ್ತರಿಸಿ, ಮಡಚಿ, ಬೆಳಕಿಗೆ ಹಿಡಿದು ನೋಡಿದೆ. ಅಂಚಿಗೆ ಅಂಚು ಕೂತಿತ್ತು.

"ಇದಕ್ಕೆ ಬೇರೆ ಬ್ಲೇಡ್ ಇದೆಯಾ?"

"ಸಿಗುತ್ತೆ ಬಿಡಿ ಮೇಡಂ."

"ಸಿಗುತ್ತೆ ಅಲ್ಲ, ಈಗ ಕೊಡಿ. ಇಲ್ದಿದ್ರೆ ಮೂರೂ ನೀವೇ ಇಟ್ಕೊಳ್ಳಿ."

ಎಲ್ಲಿಂದಲೋ ಹುಡುಕಿ ಒಂದು ತಂದುಕೊಟ್ಟ. ಬಿಲ್ಲನ್ನು ಮಾತ್ರ ನನ್ನವರ ಹೆಸರಿಗೇ ಬರೆದ. ಹಾಳಾಗಿ ಹೋಗಲಿ.

ಮನೆಗೆ ತಂದಾಗ ಅದರ ಸುತ್ತ ಹೆಚ್ಚು ಸುಳಿದಾಡಿದವರು ನಮ್ಮತ್ತೆ. ಪಂಚನಹಳ್ಳಿ ಕಡೆಯವರು, ಮಾತು ಕಡಿಮೆ. ಮಾವ ಹೋಗಿ ಹನ್ನೊಂದು ವರ್ಷವಾಗಿತ್ತು. ನಾನು ಕತ್ತರಿಸುವುದನ್ನು ಪಕ್ಕದಲ್ಲಿ ಕೂತು ನೋಡುವರು. "ಎಷ್ಟ್ ನೆಟ್ಟಗ್ ಹೋಯ್ತದೆ ನೋಡು," ಎಂದು ತಮಗೆ ತಾವೇ ಹೇಳಿಕೊಳ್ಳುವರು. ಆ ಹುಡುಗಿಯ ಕಥೆಯನ್ನೂ ಎರಡು ಸಲ ಕೇಳಿ ತಿಳಿದುಕೊಂಡಿದ್ದರು.

ಅಷ್ಟರಲ್ಲಿ ಆಯುಧಪೂಜೆ ಬಂತು. ನಮ್ಮ ಮನೆಯಲ್ಲಿ ಹಿಂದಿನ ದಿನವೇ ಅತ್ತೆ ಎಲ್ಲವನ್ನೂ ಸಿದ್ಧ ಮಾಡಿಡುತ್ತಾರೆ. ಹೂವು ಕಟ್ಟುವುದು, ದೀಪ ತಿಕ್ಕುವುದು, ಹಾರೆ, ಕುಡುಗೋಲು ತೊಳೆದು ಒರೆಸುವುದು. ಕುಂಕುಮದ ಬಟ್ಟಲು ಹೊರಗೆ ಬಂದ ಮೇಲೆ ಮಾತ್ರ ಅವರು ಅಡುಗೆಮನೆ ಬಿಟ್ಟು ಬರುವುದಿಲ್ಲ. ಬರಬೇಡಿ ಎಂದು ಯಾರೂ ಹೇಳಿದ್ದಿಲ್ಲ, ಬನ್ನಿ ಎಂದೂ ಕರೆದಿದ್ದಿಲ್ಲ. ಆ ಸಲ ನಾನು ಹಬ್ಬದ ಮಧ್ಯಾಹ್ನವೇ ಮಾದರಿ ಕಾರ್ಡ್ ತೋರಿಸಲು ಅಜ್ಜಂಪುರಕ್ಕೆ ಹೋಗಿದ್ದೆ. ಹುಡುಗಿ ಒಪ್ಪಿದಳು. ಸಂಜೆ ಬಂದು ನೋಡಿದರೆ ಟ್ರಿಮ್ಮರಿನ ಹಿಡಿಗೆ ಚೆಂಡುಹೂವು ಕಟ್ಟಿತ್ತು. ಪೂಜೆಗೆ ಇಟ್ಟಿದ್ದನ್ನು ಮಾರನೇ ದಿನದವರೆಗೆ ಮುಟ್ಟುವ ಹಾಗಿಲ್ಲವಲ್ಲ, ಹಾಗಾಗಿ ಹತ್ತಿರ ಹೋಗಿ ನೋಡಲಿಲ್ಲ.

ವಿಜಯದಶಮಿಯ ಬೆಳಿಗ್ಗೆ ಹೂವು ತೆಗೆದು, ಮೇಲೊಂದು ಸಲ ಬಟ್ಟೆ ಆಡಿಸಿ ಕೆಲಸಕ್ಕೆ ಕೂತೆ. ಕಾರ್ಡಿನ ಮುಖಕ್ಕೆ ಕೈಯ ಬೆವರು ತಾಗಬಾರದೆಂದು ಹಾಳೆಗಳನ್ನು ಬೋರಲಾಗಿಟ್ಟು ಕತ್ತರಿಸುವುದು ನನ್ನ ಪದ್ಧತಿ. ಎರಡೆರಡು ಹಾಳೆ ಇಟ್ಟು ಕತ್ತರಿಸುತ್ತಾ ಹೋದೆ. ಇಪ್ಪತ್ತೆರಡು ಹಾಳೆ ಆದ ಮೇಲೆ ಜೋಡಿಸಿಡೋಣ ಎಂದು ತಿರುಗಿಸಿದೆ. ಹಾಳೆ ಬಿಟ್ಟು ಹಾಳೆಯ ಅಂಚಿನಲ್ಲಿ ಕೆಂಪು ಗೆರೆ. ಕೆಲವು ಕಡೆ ಬೆರಳಗಲ ಹರಡಿತ್ತು.

ಕಾಗದ ಅದುಮುವ ಪಟ್ಟಿ ಎತ್ತಿ ನೋಡಿದೆ. ಚಕ್ರ ಉರುಳುವ ಸಂದಿನ ತುಂಬ ಕುಂಕುಮ. ನೀರಲ್ಲಿ ಕಲಸಿ ಮೆತ್ತಿದ್ದು.

"ಯಾರ್ರೀ ಇದನ್ನ ಮಾಡಿದ್ದು?" ಎಂದು ಕೂಗಿದ್ದು ಪಕ್ಕದ ಮನೆಗೂ ಕೇಳಿಸಿರಬೇಕು.

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತರು. "ನಾನೇ ಕಣವ್ವ. ಒಣಾ ಕುಂಕುಮ ನಿಲ್ಲಾಕಿಲ್ಲ ಅಂತ ನೀರಾಕಿ ಇಟ್ಟೆ. ಯಾಕವ್ವ, ಏನಾಯ್ತು?"

ಏನಾಯ್ತು ಅಂತೆ! ಹಾಳೆಗಳನ್ನು ಎತ್ತಿ ಅವರ ಮುಖದ ಮುಂದೆ ಹಿಡಿದೆ. ಹನ್ನೊಂದು ಹಾಳೆ ಹೋಗಿತ್ತು, ಉಳಿದದ್ದು ಅರವತ್ತು ಕಾರ್ಡಿಗೆ ಸಾಲದು. ಆ ಹುಡುಗಿ, ಅವಳ ಸೋದರಮಾವ, ನಾನು ಆಡಿ ಬಂದಿದ್ದ ದೊಡ್ಡ ಮಾತು, ಎಲ್ಲ ಒಟ್ಟಿಗೆ ತಲೆಗೆ ಏರಿತು.

"ಕುಂಕುಮ ಮುಟ್ಟೋಕೆ ನಿಮಗ್ಯಾರ್ ಹೇಳಿದ್ರು? ಮುಟ್ಬಾರ್ದೋರು ಮುಟ್ಟಿದ್ರೆ ಹಿಂಗೇ ಆಗೋದು!"

ಅಂದೆ. ನಾನೇ ಅಂದೆ. ಬೇರೆ ಯಾರ ಬಾಯಿಂದಲೋ ಬಂತು ಎಂದು ಹೇಳಿಕೊಳ್ಳಲು ಎಷ್ಟೋ ದಿನ ನೋಡಿದ್ದೇನೆ, ಆಗಿಲ್ಲ.

ಅತ್ತೆ ತಮ್ಮ ಬಲಗೈ ಬೆರಳುಗಳನ್ನು ಒಮ್ಮೆ ನೋಡಿಕೊಂಡರು. ಹಿತ್ತಲಿಗೆ ಹೋಗಿ ಕೈ ತೊಳೆದರು. ನೀರು ಬಹಳ ಹೊತ್ತು ಸುರಿಯುವುದು ಕೇಳಿಸುತ್ತಿತ್ತು.

ಹೊರಗೆ ಬೈಕು ಒರೆಸುತ್ತಿದ್ದ ನನ್ನವರು ಒಳಗೆ ಬಂದರು. ಹತ್ತೊಂಬತ್ತು ವರ್ಷದಲ್ಲಿ ನನ್ನ ಮೇಲೆ ದನಿ ಎತ್ತದ ಮನುಷ್ಯ. ಆಗಲೂ ಎತ್ತಲಿಲ್ಲ.

"ಮರೆತಿದ್ದು ನಾನು ಕಣೇ. ಗಾಡಿಗೆ, ಹಾರೆಗೆ, ಮಿಕ್ಸಿಗೆಲ್ಲ ಇಟ್ಟು ಇದನ್ನ ಬಿಟ್ಬಿಟ್ಟಿದ್ದೆ. 'ಅವಳ ಆಯುಧ ಒಂದು ಉಳ್ಕೊಂತು ಕಣಪ್ಪ, ಆ ಮಗೀನ್ ಮದ್ವೆ ಕೆಲ್ಸ ಬೇರೆ ಅದ್ರಲ್ಲೇ ಆಗ್ಬೇಕು, ನಾನಿಡ್ಲಾ?' ಅಂತ ಅಮ್ಮ ಕೇಳ್ತು. ಇಡಮ್ಮ ಅಂದೆ. ಅಪ್ಪ ಹೋದ್ಮೇಲೆ ಬಾಯ್ಬಿಟ್ಟು ಕೇಳಿದ್ದು ಅದೇ ಮೊದ್ಲು."

ಸಂದಿನ ಕುಂಕುಮವನ್ನು ಹಳೆಯ ಟೂತ್ ಬ್ರಷ್ಷಿನಲ್ಲಿ ಉಜ್ಜಿದೆ. ಹತ್ತಿಯನ್ನು ಪಿನ್ನಿಗೆ ಸುತ್ತಿ ಮೂಲೆ ಮೂಲೆ ಕೆರೆದೆ. ಹೊಸ ಬ್ಲೇಡು ಹಾಕಿದೆ. ಕೆಂಪಾದ ಅಂಚನ್ನು ಕತ್ತರಿಸಿ ತೆಗೆದು, ಉಳಿದ ಹಾಳೆಗಳನ್ನೂ ಅದೇ ಅಳತೆಗೆ ಇಳಿಸಿದೆ. ಕಾರ್ಡು ಮೊದಲಿಗಿಂತ ಎರಡು ಬೆರಳು ಚಿಕ್ಕದಾಯಿತು, ಅಷ್ಟೆ. ಕೈ ಕೆಲಸ ಮಾಡುತ್ತಿತ್ತು, ಸಿಟ್ಟು ಇಳಿದಿರಲಿಲ್ಲ. ಆದರೆ ಅದು ಈಗ ಅತ್ತೆಯ ಮೇಲಿನದಲ್ಲ. ಅಜ್ಜಂಪುರದ ಆ ಗಂಡಸನ್ನು ಎದುರಿಗೆ ನಿಂತು ಬೈದು ಬಂದಿದ್ದೆನಲ್ಲ, ಎಷ್ಟು ಹೆಮ್ಮೆಯಿಂದ ಬಸ್ ಹತ್ತಿದ್ದೆ! ಅವನು ಕಾರ್ಡ್ ಬೇಡ ಅಂದಿದ್ದ, ಅಷ್ಟೇ. ನಾನು ಅವನನ್ನೂ ಮೀರಿಸಿದ್ದೆ, ಅದೂ ನನ್ನ ಮನೆಯಲ್ಲೇ, ನನ್ನ ಕೆಲಸಕ್ಕೆ ಒಳ್ಳೆಯದಾಗಲಿ ಎಂದ ಜೀವಕ್ಕೆ.

ಅರವತ್ತೂ ಮುಗಿದವು. ಮದುವೆಯ ಮೊದಲ ಕಾರ್ಡಿನ ನಾಲ್ಕು ಮೂಲೆಗೆ ಹಿರಿಯರೊಬ್ಬರು ಅರಿಶಿಣ ಹಚ್ಚಿ ದೇವರ ಮುಂದೆ ಇಡುವುದು ನಮ್ಮ ಕಡೆಯ ರೂಢಿ. ಕಾರ್ಡನ್ನೂ ಅರಿಶಿಣದ ಬಟ್ಟಲನ್ನೂ ಹಿಡಿದುಕೊಂಡು ಅತ್ತೆಯ ಹತ್ತಿರ ಹೋದೆ. ಅಕ್ಕಿ ಆರಿಸುತ್ತಿದ್ದರು.

"ಅತ್ತೆ, ಅವತ್ತು ನಾನಂದಿದ್ದು ತಪ್ಪು. ದೊಡ್ಡ ತಪ್ಪು. ಇದಕ್ಕೆ ನೀವೇ ಹಚ್ಚಿಕೊಡಿ."

ಸೆರಗಿಗೆ ಕೈ ಒರೆಸಿಕೊಂಡು ಕಾರ್ಡನ್ನು ಅಂಚು ಮುಟ್ಟದ ಹಾಗೆ ಅಂಗೈ ಮೇಲೆ ತೆಗೆದುಕೊಂಡರು. ಬಿಡಿಸಿ, ಒಳಗಿದ್ದ ಹುಡುಗಿಯ ಹೆಸರನ್ನು ನಿಧಾನವಾಗಿ ಓದಿದರು.

"ಚೆನ್ನಾಗ್ ಬಂದೈತೆ ಕಣವ್ವ. ಬೋ ನೆಟ್ಟಗೈತೆ."

ಮಡಚಿ ನನ್ನ ಕೈಗೇ ಕೊಟ್ಟರು. ಅವರ ದನಿಯಲ್ಲಿ ಸಿಟ್ಟಿದ್ದಿದ್ದರೆ ಕಾಲಿಗೆ ಬಿದ್ದೋ ಜಗಳವಾಡಿಯೋ ಸರಿ ಮಾಡಿಕೊಳ್ಳುತ್ತಿದ್ದೆ. ಸಿಟ್ಟು ಇರಲೇ ಇಲ್ಲ.

"ನೀನೇ ಹಚ್ಚು ತಾಯಿ. ಆ ಮಗು ಈಗ್ಲಾದ್ರೂ ಸುಖ್ವಾಗಿರ್ಬೇಕು. ನನ್ ಕೈ ಬ್ಯಾಡ."