ತಡವಾಗಿ ಕೇಳಿದ ಕ್ಷಮೆ

ಮಕ್ಕಳೇ, ನಾನು ನಿಮ್ಮಷ್ಟು ಚಿಕ್ಕವಳಿದ್ದಾಗ, ಅಂದರೆ ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದಾಗ, ನಮ್ಮ ಮನೆ ಸಿಡ್ನಿಯ ರೌಸ್ ಹಿಲ್‌ನಲ್ಲಿತ್ತು. ಸುತ್ತಲೂ ಅರ್ಧ ಕಟ್ಟಿದ ಮನೆಗಳು, ಹಸಿ ಸಿಮೆಂಟಿನ ವಾಸನೆ. ಬೆಳಗಾದರೆ ನೀಲಗಿರಿ ಮರಗಳಲ್ಲಿ ಬಿಳಿ ಕಾಕಟೂ ಗಿಳಿಗಳ ಕಿರುಚಾಟ. ಭಾನುವಾರ ಅಪ್ಪ, ಅಮ್ಮ, ನಾನು ಚರ್ಚಿಗೆ ಹೋಗುತ್ತಿದ್ದೆವು. ಅಪ್ಪ ಅಲ್ಲಿನ ಕಮಿಟಿಯಲ್ಲಿದ್ದರು.

ಆ ಚರ್ಚಿಗೆ ಒಬ್ಬ ವಯಸ್ಸಾದ ಹೆಂಗಸು ಬರುತ್ತಿದ್ದರು. ಈ ನೆಲದ ಮೂಲನಿವಾಸಿ. ಎಲ್ಲರೂ ಅವರನ್ನು ಗೌರವದಿಂದ ಆಂಟಿ ಎನ್ನುತ್ತಿದ್ದರು. ನಮ್ಮ ಕನ್ನಡದವರಲ್ಲೂ ದೊಡ್ಡವರೆಲ್ಲ ಆಂಟಿಯರೇ ಆಗಿದ್ದರಿಂದ ನನಗೆ ಅವರು ಬೇರೆಯವರು ಅನ್ನಿಸಲೇ ಇಲ್ಲ. ಅವರ ಕೈಗೆ ಲ್ಯಾವೆಂಡರ್ ಸೋಪಿನ ಪರಿಮಳವಿರುತ್ತಿತ್ತು. ಟೀ ಹೊತ್ತಿನಲ್ಲಿ ತಮ್ಮ ಪಾಲಿನ ಕೇಕನ್ನು ಮುರಿದು ದೊಡ್ಡ ಚೂರನ್ನು ನನಗೆ ಕೊಡುತ್ತಿದ್ದರು.

ಆಂಟಿ ಪುಟ್ಟವರಿದ್ದಾಗ ಸರ್ಕಾರದವರು ಬಂದು ಅವರನ್ನೂ ಅವರ ಅಕ್ಕನನ್ನೂ ತಾಯಿಯಿಂದ ಕಿತ್ತುಕೊಂಡು ಹೋಗಿದ್ದರಂತೆ. ಆ ಕಾಲದಲ್ಲಿ ಬಿಳಿಯರ ಹಾಗೆ ಬೆಳೆಸುತ್ತೇವೆಂದು ಎಷ್ಟೋ ಮೂಲನಿವಾಸಿ ಮಕ್ಕಳನ್ನು ಒಯ್ದಿದ್ದರು. ಈ ಇಬ್ಬರನ್ನು ಬಿಟ್ಟದ್ದು ನಮ್ಮ ಚರ್ಚಿನ ಹಿಂದಿನವರು ನಡೆಸುತ್ತಿದ್ದ ಅನಾಥಾಲಯದಲ್ಲಿ. ತಾಯಿ ಇದ್ದ ಮಕ್ಕಳಿಗೆ ಅನಾಥಾಲಯ! ಅಲ್ಲಿ ತಮ್ಮ ಭಾಷೆ ಆಡಿದರೆ ಏಟು ಬೀಳುತ್ತಿತ್ತು. ಅವರು ಮತ್ತೆ ತಾಯಿಯ ಮುಖ ನೋಡಲಿಲ್ಲ. ಆಂಟಿಯ ಅಕ್ಕ ದೊಡ್ಡವರಾದ ಮೇಲೆ ಮೆಲ್ಬರ್ನ್ ಸೇರಿದರು.

ಹೊಸದಾಗಿ ಬಂದ ಪಾಸ್ಟರ್, ಆ ಅಕ್ಕತಂಗಿಯರನ್ನು ಕರೆಸಿ ಎಲ್ಲರೆದುರು ಚರ್ಚು ಕ್ಷಮೆ ಕೇಳಬೇಕು ಎಂದರು. ಅಪ್ಪ ಒಪ್ಪಲಿಲ್ಲ. ಮನೆಗೆ ಬಂದು ಗೊಣಗಿದರು: "ನಮಗೆ ಈ ದೇಶದಲ್ಲಿ ಉಳಿಯೋಕೆ ಪಿಆರ್ ಸಿಕ್ಕಿದ್ದೇ ಮೊನ್ನೆ ಮೊನ್ನೆ. ಯಾವ ಕಾಲದಲ್ಲೋ ಯಾರೋ ಮಾಡಿದ್ದಕ್ಕೆ ನಾವ್ಯಾಕೆ ಸಾರಿ ಕೇಳ್ಬೇಕು?"

ಇನ್ನೂ ಕೆಲವರು ಹಿಂಜರಿದರು. ವಿಷಯ ಮೀಟಿಂಗಿನಿಂದ ಮೀಟಿಂಗಿಗೆ ಮುಂದೆ ಹೋಯಿತು. ಬೇಸಿಗೆ ಕಳೆದು ಚಳಿ ಬಂತು. ಒಂದು ಸಂಜೆ ಅಮ್ಮ ಚಪಾತಿ ಲಟ್ಟಿಸುತ್ತ, ತಿರುಗಿಯೂ ನೋಡದೆ ಹೇಳಿದರು: "ಅಲ್ಲಾರೀ, ಊರಿನ ಚರ್ಚಲ್ಲಿ ನಿಮ್ಮಮ್ಮನ್ನ ಜಾತಿ ನೋಡಿ ಹಿಂದೆ ನೆಲದ ಮೇಲೆ ಕೂರಿಸ್ತಿದ್ರು ಅಂತ ನೀವೇ ಹೇಳಿದ್ರಲ್ಲ. ಯಾರಾದ್ರೂ ಒಬ್ರು ಬಂದು ತಪ್ಪಾಯ್ತಮ್ಮ ಅಂದಿದ್ರೆ, ನೀನ್ಯಾರು ಹೇಳೋಕೆ ಅಂತ ಅವರು ಕೇಳ್ತಿದ್ರಾ?"

ಮುಂದಿನ ಮೀಟಿಂಗಿನಲ್ಲಿ ಕ್ಷಮೆ ಕೇಳೋಣ ಎಂದು ಮೊದಲು ಕೈ ಎತ್ತಿದವರು ಅಪ್ಪನೇ.

ಕ್ಷಮೆ ಕೇಳಲು ಗೊತ್ತುಮಾಡಿದ ಭಾನುವಾರ ಅಮ್ಮ ದೊಡ್ಡ ಪಾತ್ರೆಯ ತುಂಬ ಕೇಸರಿಬಾತ್ ಮಾಡಿದರು. ಕಾರೊಳಗೆಲ್ಲ ತುಪ್ಪ, ಏಲಕ್ಕಿಯ ಘಮ. ಆಂಟಿಯ ಅಕ್ಕನಿಗೆ ಕೊಡಲು ನನ್ನ ಕೈಗೆ ಹೂಗುಚ್ಛ ಕೊಟ್ಟು ಬಾಗಿಲಲ್ಲಿ ನಿಲ್ಲಿಸಿದ್ದರು. ಆದರೆ ಆಂಟಿ ಒಬ್ಬರೇ ಬಂದರು. ಅವರ ಅಕ್ಕ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ಮಣ್ಣು ಮಾಡಿ ಆಂಟಿ ಹಿಂದಿನ ದಿನವಷ್ಟೇ ಮೆಲ್ಬರ್ನ್‌ನಿಂದ ಮರಳಿದ್ದರು. ನಮ್ಮಲ್ಲಿ ಯಾರಿಗೂ ಸುದ್ದಿ ಗೊತ್ತಿರಲಿಲ್ಲ.

ಪಾಸ್ಟರ್ ತಡವರಿಸುತ್ತ, ಇನ್ನೊಂದು ದಿನ ಮಾಡೋಣವೇ ಎಂದು ಕೇಳಿದರು.

"ಬೇಡ. ಇನ್ನು ಮುಂದಕ್ಕೆ ಹಾಕಬೇಡಿ," ಎಂದರು ಆಂಟಿ, ತಮ್ಮ ಮೆಲುದನಿಯ ಇಂಗ್ಲಿಷಿನಲ್ಲಿ.

ಪಾಸ್ಟರ್ ಚರ್ಚಿನ ಪರವಾಗಿ ಕ್ಷಮೆ ಕೇಳಿದರು. ಆಮೇಲೆ ಒಬ್ಬೊಬ್ಬರಾಗಿ ಆಂಟಿಯ ಎದುರು ಹೋದರು. ಅಪ್ಪನ ಸರದಿ ಬಂತು. "ತಡ ಮಾಡಿದವರಲ್ಲಿ ನಾನೂ ಒಬ್ಬ," ಎಂದರು. ಆಂಟಿ ಅವರ ಕೈ ಹಿಡಿದುಕೊಂಡರು. "ನನ್ನ ಅಕ್ಕ ಫೋನ್ ಮಾಡಿದಾಗೆಲ್ಲ ಕೇಳುತ್ತಿದ್ದಳು, ಯಾವಾಗ ಕರೆಯುತ್ತಾರೆ ಅಂತ," ಎಂದರು. ಬೈಯಲಿಲ್ಲ. ಹೋಗಲಿ ಬಿಡಿ ಎಂದೂ ಹೇಳಲಿಲ್ಲ.

ಕೇಸರಿಬಾತ್ ಹಾಗೇ ಉಳಿಯಿತು. ಮನೆಗೆ ಬರುವಾಗ ಅಪ್ಪ ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿ ಅತ್ತರು. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಮುಂದೆ ಅವರು ಆಂಟಿಯ ಜೊತೆ ಬೇರೆ ಬೇರೆ ಚರ್ಚುಗಳಿಗೆ ಹೋಗಿ ನಡೆದದ್ದನ್ನು ಹೇಳುತ್ತಿದ್ದರು. "ಮೀಟಿಂಗ್ ಆಮೇಲೆ ಮಾಡಿ, ಮೊದಲು ಹೋಗಿ ಅವರನ್ನ ನೋಡಿ," ಎನ್ನುತ್ತಿದ್ದರು.

ನೀವು ಬೆಳೆಯುತ್ತಿರುವ ಮೆಲ್ಬರ್ನ್ ಬೇರೆಯೇ. ನಿಮ್ಮ ಸ್ಕೂಲಿನಲ್ಲಿ, ಚರ್ಚಿನಲ್ಲಿ ಈ ನೆಲದ ಹಿರಿಯರನ್ನು ನೆನೆದೇ ಉಳಿದ ಮಾತು ಶುರುವಾಗುತ್ತದೆ. ನಿಮ್ಮ ಮೂಲನಿವಾಸಿ ಗೆಳತಿಯನ್ನು ಸ್ಕೂಲು ಬಿಟ್ಟ ಕೂಡಲೇ ಅವಳಮ್ಮ ಗೇಟಿನಲ್ಲಿ ಕಾದು ಕರೆದುಕೊಂಡು ಹೋಗುತ್ತಾಳೆ. ನಿಮಗೆ ಅದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಕಾಣದಿರುವುದೇ ಒಳ್ಳೆಯದು. ನನಗೆ ಮಾತ್ರ ಆ ಗೇಟಿನ ಮುಂದೆ ಒಂದು ಗಳಿಗೆ ಕಾಲು ನಿಲ್ಲುತ್ತದೆ. ಇದೇ ಊರಿನಲ್ಲಿ ಆಂಟಿಯ ಅಕ್ಕ ನಮ್ಮ ಒಂದು ಮಾತಿಗಾಗಿ ಕಾದು ಕಾದು, ಕೇಳದೆಯೇ ಹೋದರು. ಅವರನ್ನು ನಾನು ಒಮ್ಮೆಯೂ ನೋಡಲಿಲ್ಲ.